ಮಾವನವರ ಪುಕ್ಕದ ನೊಣ

ಕಾವೇರಿ ಹೊಳೆಯ ಮೀನುಗಳು ನಮ್ಮ ಮಾವನವರಿಗೆ ಯಾವತ್ತೂ ಹೆದರಿದ್ದಿಲ್ಲ. ಹೆದರುತ್ತಿದ್ದವರೆಲ್ಲ ದಡದ ಮೇಲಿನ ಮನುಷ್ಯರು! ಮಾವನವರು ಗಾಳದ ಕೋಲು ಹಿಡಿದು ಮೆಟ್ಟಿಲು ಇಳಿಯುತ್ತಿದ್ದಾರೆ ಎಂದರೆ ಸಾಕು, ಬಟ್ಟೆ ಒಗೆಯುವ ಹೆಂಗಸರು ಸೆರಗು ಎಳೆದು ತಲೆ ತುಂಬ ಹೊದ್ದುಕೊಳ್ಳುತ್ತಿದ್ದರು. ಸ್ನಾನಕ್ಕಿಳಿದವರು ಕತ್ತಿನವರೆಗೆ ಮುಳುಗುತ್ತಿದ್ದರು. ಎಮ್ಮೆಯ ಮೈ ಉಜ್ಜುತ್ತಿದ್ದವರು ಎಮ್ಮೆಯ ಮರೆಗೆ ಸರಿಯುತ್ತಿದ್ದರು. ಎಮ್ಮೆಗೆ ಮಾತ್ರ ಸರಿಯಲು ಯಾವ ಮರೆಯೂ ಇರಲಿಲ್ಲ, ಪಾಪ.

ನಾನು ನಾಗಮಂಗಲ ಸೀಮೆಯ ಬಿಂಡಿಗನವಿಲೆಯವಳು. ನಮ್ಮ ಕಡೆ ನೀರು ಎಂದರೆ ಕೊಡದೊಳಗೆ ಇರುವ ಪದಾರ್ಥ. ಮೀನು ಎಂದರೆ ಕೆರೆ ಕೋಡಿ ಬಿದ್ದ ವರ್ಷ ಕಾಣುವ ಅತಿಥಿ. ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಶ್ರೀರಂಗಪಟ್ಟಣದ ಸಂಬಂಧ ಕುದುರಿದಾಗ ಅಮ್ಮ ಹೇಳಿದ್ದು ಒಂದೇ ಮಾತು: “ಒಳೆ ದಂಡೆ ಮನೆ ಕಣವ್ವಾ, ದಿನಾ ಬೇಕಾದ್ರೂ ಮೀನು ತಿನ್ಬೋದು.” ನಾನು ಒಪ್ಪಿಕೊಂಡಿದ್ದಕ್ಕೆ ಹುಡುಗ ಅರ್ಧ ಕಾರಣ, ಮೀನು ಇನ್ನರ್ಧ. ಈ ಮಾತನ್ನು ನಮ್ಮ ಯಜಮಾನರಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಬಂದು ನೋಡಿದರೆ, ನಮ್ಮ ಬೀದಿಯಲ್ಲಿ ಕುರಿ ಕೋಳಿ ತಿಂದೂ ಮೀನು ಬೇಯಿಸದ ಮನೆ ಎಂದರೆ ಅದೊಂದೇ! ಪಕ್ಕದ ಮನೆಯಿಂದ ಮೀನು ಸಾರಿನ ವಾಸನೆ ಬಂದರೆ ನಮ್ಮ ಅತ್ತೆ ಕಿಟಕಿ ಮುಚ್ಚುತ್ತಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಕಿಟಕಿಯ ಪಕ್ಕದಲ್ಲೇ ಕೂತು ಬರೀ ಉಪ್ಸಾರಿನಲ್ಲಿ ಮುದ್ದೆ ನುಂಗುತ್ತಿದ್ದರು. ಹೊಳೆಯಲ್ಲಿ ಮೀನು, ಮನೆಯಲ್ಲಿ ಮೀನು ಹಿಡಿಯುವ ಗಂಡ, ತಟ್ಟೆಯಲ್ಲಿ ಉಪ್ಸಾರು. ಇಂಥ ಬಾಳು ಯಾವ ಹೆಂಗಸಿಗೆ ಬಂದೀತು ಹೇಳಿ?

ಇದಕ್ಕೆಲ್ಲ ಕಾರಣ ಒಬ್ಬ ಬಿಳಿ ಮುದುಕ. ಮಾವನವರು ಜೀಪು ಓಡಿಸುತ್ತಿದ್ದವರು. ಹೊಳೆ ಹರಿದು ಹೋಗುವ ಕೆಳಗಿನ ಕಾಡಿಗೆ ವಿದೇಶದವರು ಮೀನು ಹಿಡಿಯಲು ಬರುತ್ತಿದ್ದ ಕಾಲದಲ್ಲಿ ಆ ಮುದುಕ ದೊರೆಯನ್ನು ಕೂರಿಸಿಕೊಂಡು ಕೆಲವು ಬೇಸಿಗೆ ಓಡಾಡಿದ್ದರಂತೆ. ಉಳಿದ ದೊರೆಗಳೆಲ್ಲ ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿದರೆ ಈತ ಅದನ್ನು ಮುಟ್ಟುತ್ತಿರಲಿಲ್ಲ. ಎರೆಹುಳವನ್ನಂತೂ ಮೂಸಿಯೂ ನೋಡುತ್ತಿರಲಿಲ್ಲ. ಚಿಕ್ಕ ಗಾಳಕ್ಕೆ ಹುಂಜದ ಪುಕ್ಕವನ್ನು ದಾರದಿಂದ ಸುತ್ತಿ, ಥೇಟ್ ನೊಣದ ಹಾಗೆ ಮಾಡಿ, ಅದನ್ನು ನೀರಿನ ಮೇಲೆ ನೊಣ ಕೂತಷ್ಟೇ ಹಗುರವಾಗಿ ಇಳಿಸುತ್ತಿದ್ದ. ಊರಿಗೆ ಹೊರಟಾಗ ತನ್ನ ಹಳೆಯ ಕೋಲು, ದಾರ ಸುತ್ತುವ ರಾಟೆ, ತಗಡಿನ ಡಬ್ಬಿ ತುಂಬ ಪುಕ್ಕದ ನೊಣಗಳನ್ನು ಮಾವನವರ ಕೈಗೆ ಕೊಟ್ಟು ಹೋದ. ಜೊತೆಗೊಂದು ಉಪದೇಶ ಬೇರೆ.

“ಉಳ ಆಕಿ ಮೀನ್ ಇಡ್ಯೋದು ಲಂಚ ಕೊಟ್ಟಂಗೆ ಕಣವ್ವಾ. ಪುಕ್ಕ ಆಕಿ ಇಡ್ಯೋದು ಮಾತಾಡಿ ಒಪ್ಸುದಂಗೆ. ದೊರೆ ಅಂಗಂದ” ಎಂದು ಮಾವನವರು ನನಗೆ ಎಷ್ಟು ಸಲ ಹೇಳಿದ್ದಾರೋ! ದೊರೆಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಮಾವನವರಿಗೆ ಇಂಗ್ಲಿಷಿನಲ್ಲಿ ‘ಸ್ಟಾಪು’ ಮತ್ತು ‘ಡೀಸೆಲ್ಲು’ ಬಿಟ್ಟರೆ ಬೇರೆ ತಿಳಿಯದು. ಇಷ್ಟು ದೊಡ್ಡ ವೇದಾಂತ ಇಬ್ಬರ ನಡುವೆ ಯಾವ ಭಾಷೆಯಲ್ಲಿ ಸಾಗಿತೋ ಆ ರಂಗನಾಥನೇ ಬಲ್ಲ.

ನೊಣ ಬಂದಿದ್ದೇನೋ ಸರಿ, ಮೀನು ಬರಬೇಕಲ್ಲ? ಮಾವನವರ ಜೀವದ ಗೆಳೆಯ ಟೈಲರ್ ರಹಮತ್ ಸಾಬರು. ಅವರು ಅಂಗಡಿಗೆ ರಜೆ ಇದ್ದ ದಿನ ಸಾಮಾನ್ಯ ಮನುಷ್ಯರಂತೆ ಎರೆಹುಳ ಹಾಕಿ ಗಾಳ ಬಿಡುವವರು. ಒಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಎಲ್ಲರೂ ಇದ್ದಾಗ ಸಾಬರು, “ಅರೆ ಗೌಡ್ರೇ, ನಿಮ್ ಪುಕ್ಕ ನೋಡ್ಬುಟ್ಟು ಮೀನು ನಗ್ತಾವೆ. ಬಾಯ್ ಬುಟ್ಕೊಂಡ್ ನಗೋವಾಗ ಗಪ್ಪಂತ ಎಳ್ಕಳಿ!” ಎಂದರಂತೆ. ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಾವನವರು ನಗಲಿಲ್ಲ. ಮೊಣಕಾಲುದ್ದದ ನೀರಿಗಿಳಿದು ಬೊಗಸೆಯಲ್ಲಿ ಹೊಳೆಯ ನೀರನ್ನು ಎತ್ತಿಕೊಂಡರು.

“ತಾಯೀ ಕಾವೇರವ್ವಾ, ಇವತ್ತಿಂದ ನಾನು ಎರೆಉಳ ಮುಟ್ಟಾಕಿಲ್ಲ. ಪುಕ್ಕಕ್ಕೆ ಬಿದ್ದ ಮೀನು, ಅದೂ ಮೊಣಕೈ ಉದ್ದದ್ದು, ಅದ್ ಬುಟ್ಟು ಬ್ಯಾರೆ ಮೀನು ನನ್ ಮನೆ ಒಲೆ ಮ್ಯಾಲೆ ಬೇಯಾಕಿಲ್ಲ. ತಪ್ಪುದ್ರೆ ನೀನೇ ನಮ್ಮನೆಗೆ ಬಂದು ಕೇಳು!”

ಕಾವೇರಿ ಮನೆಗೆ ಬಂದು ಕೇಳುವುದು ಎಂದರೆ ಏನೆಂದು ಹೊಳೆ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ಕೇಳಿತು ಎಂದರೆ ಮನೆಯ ಒಂದು ಜೀವ ಕೊಟ್ಟೇ ತೀರಬೇಕು. ನಗುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ಬಟ್ಟೆ ಹಿಂಡಿಕೊಂಡು ಮನೆಗೆ ಹೋದರು. ಮಾವನವರು ಮನೆಗೆ ಬಂದು ಎದೆಯುಬ್ಬಿಸಿ ವಿಷಯ ತಿಳಿಸಿದಾಗ ಅತ್ತೆ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದರಂತೆ. ಒಲೆಯ ಮೇಲೆ ಕೊತಕೊತ ಎನ್ನುತ್ತಿದ್ದದ್ದು ಸಾಬರ ಮನೆಯಿಂದಲೇ ಬಂದಿದ್ದ ಮೀನು!

“ಆಣೆ ಇಕ್ಕೋಕ್ ಮುಂಚೆ, ಒಲೆ ಮ್ಯಾಲೆ ಏನದೆ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ ನೀವು?” ಎಂದರಂತೆ ಅತ್ತೆ. ಆ ಮಡಕೆ ಹಾಗೇ ಪಕ್ಕದ ಮನೆಗೆ ಹೋಯಿತು. ಅತ್ತೆ ಕಿಟಕಿಯ ಪಕ್ಕ ಕೂತು ಉಣ್ಣಲು ಶುರು ಮಾಡಿದ್ದು ಆವತ್ತಿನಿಂದ.

ಡಬ್ಬಿಯೊಳಗಿನ ದೊರೆಯ ನೊಣಗಳು ಎಷ್ಟು ದಿನ ಬಂದಾವು? ಮರದ ಕೊಂಬೆಗೆ ಕೆಲವು, ಬಂಡೆಯ ಸಂದಿಗೆ ಕೆಲವು, ಎಮ್ಮೆಯ ಕಿವಿಗೆ ಕೆಲವು ಹೋಗಿ ಮುಗಿದವು. ಆಮೇಲೆ ಮಾವನವರೇ ನೊಣ ಕಟ್ಟಲು ಕೂತರು. ಜಗಲಿಯ ಮೇಲೆ ಸಣ್ಣದೊಂದು ಹಿಡಿಕೆಗೆ ಗಾಳ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಉಸಿರು ಬಿಗಿ ಹಿಡಿದು ಸುತ್ತುತ್ತಿದ್ದರು. ಅವರು ನೊಣ ಕಟ್ಟುವಾಗ ಮನೆಯಲ್ಲಿ ಯಾರೂ ಸೀನುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ನನ್ನ ಬಾಚಣಿಗೆಯ ಕೂದಲು ಮಾಯವಾಯಿತು, ಅತ್ತೆಯ ಹರಳೆಣ್ಣೆ ಮಾಯವಾಯಿತು. ನೊಣ ನೀರಿನಲ್ಲಿ ಮುಳುಗದೆ ತೇಲಬೇಕಂತೆ, ಅದಕ್ಕೆ ಎಣ್ಣೆ! ಒಂದು ದಿನ ನನ್ನ ಮದುವೆಯ ಸೀರೆ ತೆಗೆದು ನೋಡುತ್ತೇನೆ, ಸೆರಗಿನ ಅಂಚಿನಲ್ಲಿ ಒಂದು ಗೇಣು ಜರಿ ಇಲ್ಲ.

“ಮಾವ, ಇದು ನನ್ ಧಾರೆ ಸೀರೆ!” ಎಂದೆ. ಅಳುವುದೊಂದು ಬಾಕಿ.

“ಅದ್ಕೇ ಕಣವ್ವಾ ತಗಂಡಿದ್ದು. ಮೀನಿಗೆ ಕಳಪೆ ಮಾಲು ತೋರ್ಸಕ್ಕಾಯ್ತದಾ?” ಎಂದರು ಆ ಪುಣ್ಯಾತ್ಮ.

ಪುಕ್ಕದ ಕಥೆ ಇದಕ್ಕಿಂತ ಘೋರ. ನೊಣಕ್ಕೆ ಒಳ್ಳೆಯ ಹುಂಜದ ಕತ್ತಿನ ಪುಕ್ಕವೇ ಆಗಬೇಕು. ಕಿರಂಗೂರಿನಲ್ಲಿ ನಮ್ಮ ಅತ್ತೆಯ ಅಣ್ಣನ ಮನೆ ಇತ್ತು. ಅಲ್ಲಿಗೆ ಊಟಕ್ಕೆಂದು ಹೋದ ಮಾವನವರ ಕಣ್ಣಿಗೆ ಒಂದು ಕೆಂಪು ಹುಂಜ ಬಿತ್ತು. ಎಲ್ಲರೂ ಕೈ ತೊಳೆಯಲು ಹೋದಾಗ ಅದನ್ನು ಕಂಕುಳಲ್ಲಿ ಅವುಚಿಕೊಂಡು ಕತ್ತಿನ ಪುಕ್ಕ ಒಂದೊಂದೇ ಕಿತ್ತರು. ಹುಂಜ ಸುಮ್ಮನಿರುತ್ತದೆಯೇ? ಊರಿಗೆಲ್ಲ ಕೇಳುವ ಹಾಗೆ ಬಾಯಿ ಮಾಡಿತು. ಒಳಗಿನಿಂದ ಓಡಿ ಬಂದ ಅತ್ತೆಯ ಅತ್ತಿಗೆ ಎದೆ ಎದೆ ಬಡಿದುಕೊಂಡರು. “ಅಯ್ಯಯ್ಯೋ, ಅದು ಮಾರವ್ವಂಗೆ ಬುಟ್ಟಿದ್ದ ಉಂಜ! ಊನ ಆಗೋಯ್ತಲ್ಲಪ್ಪೋ!” ದೇವರಿಗೆ ಬಿಟ್ಟ ಹುಂಜದ ಒಂದು ಪುಕ್ಕ ಮುರಿದರೂ ದೇವರು ಒಪ್ಪುವುದಿಲ್ಲ. ಬೇರೆ ಹುಂಜ ತಂದುಕೊಟ್ಟು, ತಪ್ಪು ಕಾಣಿಕೆ ಕಟ್ಟಿ, ದೇವರೂ ಒಪ್ಪದ ಆ ಬೋಳುಕತ್ತಿನ ಹುಂಜವನ್ನು ಮಾವನವರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ತಂದರು. ಅದು ನಮ್ಮ ಹಿತ್ತಲಲ್ಲಿ ರಾಜನ ಹಾಗೆ ಇತ್ತು. ಪುಕ್ಕ ಬೆಳೆಯುವುದು, ಮಾವನವರು ಕೀಳುವುದು. “ಮೀನ್ ಇಡಿತೀನಿ ಅಂತ ಒಂಟ ಗಂಡ್ಸು ಕೋಳಿ ಸಾಕ್ತಾ ಕೂತವ್ನೆ” ಎಂದು ಅತ್ತೆ ಬಾವಿಗೆ ಕೇಳುವ ಹಾಗೆ ಹೇಳಿಕೊಳ್ಳುತ್ತಿದ್ದರು.

ಇನ್ನು ಬೀಸುವ ವಿದ್ಯೆ. ಪುಕ್ಕಕ್ಕೆ ಭಾರವಿಲ್ಲವಲ್ಲ, ಹಾಗಾಗಿ ದಪ್ಪ ದಾರವನ್ನೇ ಬೀಸಬೇಕು. ಕೋಲು ಹಿಂದಕ್ಕೆ ಹೋದಾಗ ದಾರ ಬೆನ್ನ ಹಿಂದೆ ಉದ್ದಕ್ಕೆ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಹಿಂದೆ ಯಾರಿದ್ದಾರೆ ಎಂದು ಬೀಸುವವನಿಗೆ ಕಾಣುವುದಿಲ್ಲ. ಇದೇ ಈ ವಿದ್ಯೆಯ ಅಪಾಯ. ಬೆನ್ನಿಗೆ ಕಣ್ಣಿಲ್ಲದ ಮನುಷ್ಯನ ಕೈಗೆ ದೊರೆ ಇಂಥದ್ದನ್ನು ಕೊಡಬಾರದಿತ್ತು.

ಪಶ್ಚಿಮವಾಹಿನಿಯಲ್ಲಿ ಹೊಳೆ ತಿರುಗಿ ಹರಿಯುತ್ತದೆ. ಅಸ್ಥಿ ಬಿಡಲು ಎಲ್ಲೆಲ್ಲಿಂದಲೋ ಜನ ಬರುವ ಜಾಗ ಅದು. ಆ ದಿನ ಮಾವನವರು ಅಲ್ಲೊಂದು ಬಂಡೆ ಹತ್ತಿದ್ದರು. ಹಿಂದೆ ಸ್ವಲ್ಪ ದೂರದಲ್ಲಿ ಪಾಂಡವಪುರದ ಕಡೆಯ ಅಣ್ಣ ತಮ್ಮಂದಿರು ತಂದೆಯ ಅಸ್ಥಿ ಬಿಡಲು ನಿಂತಿದ್ದರು. ಅಣ್ಣ ಮಡಕೆ ಹಿಡಿದು ನೀರಿನತ್ತ ಬಗ್ಗಿದ. ಮಾವನವರು ಕೋಲನ್ನು ಹಿಂದಕ್ಕೆ ಬೀಸಿ, ಕಾದು, ಮುಂದಕ್ಕೆ ಎಳೆದರು. ದಾರ ಬರಲಿಲ್ಲ. ಇನ್ನೊಮ್ಮೆ ಬಿಗಿಯಾಗಿ ಎಳೆದರು. ಅಲ್ಲಿ ಆ ಅಣ್ಣನ ಪಂಚೆಯನ್ನು ಹಿಂದಿನಿಂದ ಯಾರೋ ಜಗ್ಗುತ್ತಿದ್ದಾರೆ! ತಿರುಗಿ ನೋಡಿದರೆ ಹತ್ತಿರ ಯಾರೂ ಇಲ್ಲ! ಕೈಯಲ್ಲಿ ಅಪ್ಪನ ಮಡಕೆ! ಅವನ ಮುಖ ಬೂದಿಗಿಂತ ಬಿಳಿಯಾಯಿತು.

“ಅಪ್ಪಾ, ಬುಟ್ಬುಡಪ್ಪಾ! ತಪ್ಪಾಯ್ತು ಕಣಪ್ಪಾ! ಕಾಲುವೆ ಪಕ್ಕದ ಗದ್ದೆ ತಮ್ಮಂಗೇ ಬುಡ್ತೀನಿ, ನಿನ್ನಾಣೆ!”

ಪಕ್ಕದಲ್ಲೇ ನಿಂತಿದ್ದ ತಮ್ಮ ಆ ಮಾತನ್ನು ಕಿವಿಯಾರೆ ಕೇಳಿದ. ಪುರೋಹಿತರೂ ಕೇಳಿದರು. ಮಾವನವರು ಮೆಲ್ಲನೆ ಕತ್ತರಿ ತೆಗೆದು ದಾರ ಕತ್ತರಿಸಿ ಬಂಡೆಯ ಆ ಕಡೆಗೆ ಇಳಿದುಬಿಟ್ಟರು. ಮೀನಂತೂ ಬೀಳಲಿಲ್ಲ, ಒಂದು ಮನೆಯ ವ್ಯಾಜ್ಯ ಬಿದ್ದುಹೋಯಿತು.

ಹಾಗಂತ ಒಂದೂ ಮೀನು ಬೀಳುತ್ತಿರಲಿಲ್ಲ ಎಂದಲ್ಲ. ಬೀಳುತ್ತಿದ್ದವು, ಅಂಗೈ ಅಗಲದವು. ಅವನ್ನು ಮಾವನವರು ಬಿಟ್ಟುಬಿಡುತ್ತಿದ್ದರು! ಅದೂ ದೊರೆಯ ಸಂಪ್ರದಾಯವೇ. ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದು, ಗಾಳ ಬಿಡಿಸಿ, ಹರಿಯುವ ನೀರಿಗೆ ಅದರ ಮುಖ ಮಾಡಿ, ಅದಕ್ಕೆ ಉಸಿರು ಕೂಡಿಕೊಳ್ಳುವವರೆಗೆ ತಾಯಿಯ ಹಾಗೆ ಹಿಡಿದಿರುತ್ತಿದ್ದರು. ಆಮೇಲೆ, “ಓಗು ಮಗ, ನಿಮ್ಮಪ್ಪನ್ನ ಕಳ್ಸು” ಎಂದು ಕೈ ಸಡಿಲಿಸುತ್ತಿದ್ದರು. ಹಿಡಿದ ಮೀನನ್ನು ಬಿಟ್ಟ ಗಂಡಸನ್ನು ಮಂಡ್ಯ ಜಿಲ್ಲೆ ಅದಕ್ಕೆ ಮೊದಲು ಕಂಡಿರಲಿಲ್ಲ. ರಹಮತ್ ಸಾಬರು ಮೆಟ್ಟಿಲ ಮೇಲೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ಯಾವ ಮೀನೂ ಅಪ್ಪನನ್ನು ಕಳಿಸಲಿಲ್ಲ.

ಇಷ್ಟೆಲ್ಲ ನಗೆಪಾಟಲು ಆಗಿದ್ದಾಗ ನಾನು ಬಸುರಿಯಾದೆ. ನಗೆ ಅಲ್ಲಿಗೆ ನಿಂತಿತು.

ಅದಕ್ಕೆ ಮುಂಚೆ ಒಂದು ಸಲ ನನಗೆ ಮೂರನೆಯ ತಿಂಗಳಲ್ಲೇ ಜಾರಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಈ ಸಲ ನಾನು ಬಿಂದಿಗೆ ಎತ್ತಿದರೆ ಮೂರು ಜನ ಓಡಿ ಬರುತ್ತಿದ್ದರು, ಕೆಮ್ಮಿದರೆ ಎಲ್ಲರ ಮುಖವೂ ಬಿಗಿದುಕೊಳ್ಳುತ್ತಿತ್ತು. ಹೀಗೆ ಮನೆಯೆಲ್ಲ ತುದಿಗಾಲಲ್ಲಿ ನಡೆದಾಡುತ್ತಿದ್ದ ಹೊತ್ತಿನಲ್ಲಿ ನನಗೆ ಬಯಕೆ ಹತ್ತಿತು. ಯಾವುದರ ಬಯಕೆ? ಹುಣಸೆಹಣ್ಣಿನದೇ, ಮಾವಿನಕಾಯಿಯದೇ? ಮೀನು ಸಾರಿನದು!

ಬಾಯಿ ತಪ್ಪಿ ಅತ್ತೆಯ ಮುಂದೆ ಆಡಿಬಿಟ್ಟೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಇತ್ತ ಆಣೆ ಮುರಿದು ಮೀನು ಬೇಯಿಸಿದರೆ ಕಾವೇರಿ ಮನೆಗೆ ಬಂದು ಕೇಳುತ್ತಾಳೆ. ಕೇಳುವಾಗ ಮನೆಯಲ್ಲಿ ಏನಿದೆ ಕೊಡಲು? ನನ್ನ ಹೊಟ್ಟೆಯಲ್ಲಿರುವುದು ಬಿಟ್ಟರೆ? ಅತ್ತೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿದ್ದು ತಟ್ಟನೆ ಆಚೆ ಸರಿದದ್ದನ್ನು ನಾನು ನೋಡಿದೆ. ನಾನು ಪಿಯುಸಿ ಓದಿದವಳು. ಇದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಲೇ ಹೆದರಿ ಸಾಯುತ್ತಿದ್ದೆ.

ನಮ್ಮ ಯಜಮಾನರಿಗೆ ಪಾಂಡವಪುರದಲ್ಲಿ ಕೆಲಸ. ಒಂದು ಸಂಜೆ ಅವರು ಗುಟ್ಟಾಗಿ ಟಿಫನ್ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಹುರಿದ ಮೀನು ತಂದರು. ಬಸ್ಸಿನಲ್ಲಿ ಪಕ್ಕದವನು ಇಡೀ ದಾರಿ ಡಬ್ಬಿಯನ್ನೇ ನೋಡುತ್ತ ಬಂದನಂತೆ. ಮನೆಯೊಳಗೆ ಕಾಲಿಟ್ಟಿದ್ದೇ ತಡ, ಅತ್ತೆಯ ಮೂಗು ಅಡುಗೆಮನೆಯಿಂದಲೇ ಹಿಡಿಯಿತು. “ಓಟ್ಲು ತಿಂಡಿಗೆ ಬಯಕೆ ತೀರಾಕಿಲ್ಲ ಕಣ್ಲಾ. ಮನೆ ಒಲೇಲಿ ಬೆಂದು, ಇರೀಕರ ಕೈಲಿ ಬಡುಸ್ಬೇಕು” ಎಂದು ಡಬ್ಬಿಯನ್ನು ಬೆಕ್ಕಿನ ಮುಂದೆ ಸುರಿದರು. ಸಾಬರು ತಮ್ಮ ಮನೆಯಲ್ಲಿ ಮಾಡಿಸಿ ಕಳಿಸುತ್ತೇನೆ ಎಂದರು. ಅದಕ್ಕೂ ಇದೇ ತೀರ್ಪು. ಯಾವ ಒಲೆಯಾದರೂ ಸರಿ ಎನ್ನುವ ಸ್ಥಿತಿಯಲ್ಲಿ ನಾನಿದ್ದೆ. ಆದರೆ ಹೊಟ್ಟೆ ನನ್ನದಾದರೂ ಬಯಕೆ ಅತ್ತೆಯ ವಶಕ್ಕೆ ಹೋಗಿತ್ತು.

ಮಾವನವರು ಮಾರನೆಯ ದಿನದಿಂದ ಬೆಳಕು ಹರಿಯುವ ಮೊದಲೇ ಹೊಳೆಗೆ ಹೊರಟುಬಿಡುತ್ತಿದ್ದರು. ಮೊದಲೆಲ್ಲ ಅವರು ಬರಿಗೈಯಲ್ಲಿ ಬಂದರೆ ಅತ್ತೆ ಕುಟುಕುತ್ತಿದ್ದರು, ಮಾವ ತಿರುಗಿಸಿ ಕೊಡುತ್ತಿದ್ದರು, ಮನೆಗೆ ಕಳೆ ಇರುತ್ತಿತ್ತು. ಈಗ ಬಾಗಿಲಲ್ಲಿ ಅವರ ನೆರಳು ಬಿದ್ದರೆ ನಾವಿಬ್ಬರೂ ಮೊದಲು ಅವರ ಕೈ ನೋಡುತ್ತಿದ್ದೆವು. ಅವರು ನಮ್ಮ ಮುಖ ನೋಡದೆ ಕೋಲನ್ನು ಮೂಲೆಗೆ ಒರಗಿಸುತ್ತಿದ್ದರು.

ಅಷ್ಟರಲ್ಲಿ ತವರಿನಿಂದ ಅಣ್ಣ ಎಸ್‌ಟಿಡಿ ಬೂತಿಗೆ ಫೋನು ಮಾಡಿದ. ಬೂತು ಸಾಬರ ಅಂಗಡಿಯ ಪಕ್ಕದಲ್ಲೇ ಇದ್ದುದರಿಂದ ಸುದ್ದಿ ತಂದವರೂ ಅವರೇ. ಬರುವ ಭಾನುವಾರ ಬಾಣಂತನಕ್ಕೆ ಕರೆದುಕೊಂಡು ಹೋಗಲು ಬರುತ್ತಾನಂತೆ. ಶ್ರಾವಣ ಹತ್ತಿರವಿತ್ತು. ನಮ್ಮ ತವರಿನಲ್ಲಿ ಶ್ರಾವಣವಿಡೀ ಮಾಂಸ ಒಲೆಗೆ ಏರುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಹೆರಿಗೆ. ಅಂದರೆ ಮೀನು ಬೀಳುವುದಾದರೆ ಆ ಭಾನುವಾರದೊಳಗೆ ಬೀಳಬೇಕು.

ಶುಕ್ರವಾರ ಬೆಳಗ್ಗೆ ಸಾಬರು ಬೀದಿಯ ತುದಿಯಿಂದಲೇ ಕೂಗಿದರು. “ಗೌಡ್ತಿ ಅಮ್ಮಾ, ಬನ್ನಿ ಬನ್ನಿ! ದೊಡ್ದು ಬಿದ್ದದೆ!” ಅತ್ತೆ ನನ್ನ ಕೈ ಹಿಡಿದುಕೊಂಡು, ಓಡಲೂ ಆಗದೆ ನಡೆಯಲೂ ಆಗದೆ ಹೊಳೆಯ ಮೆಟ್ಟಿಲಿಗೆ ಬಂದರು. ಮಾವನವರು ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಕೋಲು ಬಿಲ್ಲಿನ ಹಾಗೆ ಬಾಗಿತ್ತು. ರಾಟೆ ಕಿರ್ರೆಂದು ಕಿರುಚುತ್ತ ದಾರ ಬಿಡುತ್ತಿತ್ತು. ನೀರಿನೊಳಗೆ ಒಮ್ಮೆ ಬೆಳ್ಳಗೆ ಹೊಳೆದು ಮರೆಯಾಯಿತು. ಬಿಳಿಮೀನು! ಮೊಣಕೈ ಏನು, ನನ್ನ ತೋಳಿನಷ್ಟುದ್ದ!

“ಎಳೀರಿ!” ಎಂದರು ಅತ್ತೆ.

“ಬ್ಯಾಡ ಗೌಡ್ರೇ, ಬುಡಿ, ದಾರ ಬುಡಿ!” ಎಂದರು ಸಾಬರು.

“ನಿಮ್ ಬಾಯ್ಗಳ್ನ ಒಸಿ ಮುಚ್ಕೊಳಿ!” ಎಂದರು ಮಾವ. ಅತ್ತೆ ಗಟ್ಟಿಯಾಗಿ ರಂಗನಾಥನನ್ನು ಕರೆದರು, ಸಾಬರು ತುಟಿಯಲ್ಲೇ ಏನೋ ಪಠಿಸತೊಡಗಿದರು. ಬಟ್ಟೆ ಒಗೆಯುವ ಹೆಂಗಸರೂ ಬಟ್ಟೆ ಬಿಟ್ಟು ನಿಂತರು. ಮೀನು ಓಡಿತು, ನಿಂತಿತು, ಮಾವನವರು ಗೇಣು ಗೇಣಾಗಿ ದಾರ ಸುತ್ತಿಕೊಂಡರು. ಮತ್ತೆ ಓಡಿತು. ನನ್ನ ಹೊಟ್ಟೆಯೊಳಗಿನದೂ ಒಮ್ಮೆ ಹೊರಳಿತು. ಇನ್ನೇನು ಮೀನು ದಡದ ಕಡೆಗೆ ತಿರುಗಿತು ಎನ್ನುವಾಗ ಅದು ಬಂಡೆಯೊಂದನ್ನು ಸುತ್ತು ಹಾಕಿತು. ದಾರ ಬಂಡೆಯ ಅಂಚಿಗೆ ಉಜ್ಜಿತು. ಬಾಗಿದ್ದ ಕೋಲು ಸಟ್ಟನೆ ನೆಟ್ಟಗಾಯಿತು.

ಮಾವನವರು ತುಂಡಾದ ದಾರದ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನ ಮುಂದೆ ಹಾದು ಹೋಗುವಾಗ, “ಒಂಟೋಯ್ತು ಕಣವ್ವಾ” ಎಂದರು, ಅಷ್ಟೇ. ಆ ಮನುಷ್ಯ ತಮಾಷೆಯಿಲ್ಲದೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ. ನನಗೆ ಮೀನು ಹೋದದ್ದಕ್ಕಿಂತ ಅದಕ್ಕೇ ಹೆಚ್ಚು ಭಯವಾಯಿತು.

ಶನಿವಾರ ಮಧ್ಯಾಹ್ನ ಇನ್ನೊಂದು ಏಟು ಬಿತ್ತು. ಕೊಡಗಿನಲ್ಲಿ ಮಳೆ ಜೋರಾಗಿ ಮೇಲಿನ ಅಣೆಕಟ್ಟೆ ತುಂಬಿ ನೀರು ಬಿಟ್ಟರು. ದಂಡೆಗೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಸಂಜೆಯ ಹೊತ್ತಿಗೆ ಹೊಳೆ ಕೆಂಪಗೆ ತಿರುಗಿ, ಕೆಳಗಿನ ಮೆಟ್ಟಿಲುಗಳನ್ನು ನುಂಗಿಕೊಂಡು ಹರಿಯುತ್ತಿತ್ತು. ಸಾಬರು ನಮ್ಮ ಜಗಲಿಯ ಮೇಲೆ ಕೂತು ನಿಟ್ಟುಸಿರುಬಿಟ್ಟರು. “ಇನ್ ಮುಗೀತು ಗೌಡ್ರೇ. ಕೆಂಪು ನೀರಲ್ಲಿ ನಿಮ್ ಪುಕ್ಕ ಯಾರಿಗ್ ಕಾಣ್ತದೆ? ಇಂಥ ನೀರಲ್ಲಿ ಎರೆಉಳ ಆದ್ರೆ ಮೂಸ್ಕೊಂಡು ಬತ್ತವೆ. ಪುಕ್ಕಕ್ಕೆ ವಾಸ್ನೆ ಎಲ್ಲದೆ?” ಅತ್ತೆ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಭಾನುವಾರ ಬೆಳಗ್ಗೆ ಜಿಟಿಜಿಟಿ ಮಳೆ. ಬಚ್ಚಲ ಒಲೆಗೆ ಉರಿ ಹಾಕೋಣ ಎಂದು ಹಿತ್ತಲ ಬಾಗಿಲು ತೆಗೆದವಳು ಅಲ್ಲೇ ನಿಂತೆ. ಬಚ್ಚಲ ನೀರು ಹೋಗುವ ಬಾಳೆಯ ಬುಡದಲ್ಲಿ ಮಾವನವರು ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಒಂದು ಕಡ್ಡಿಯಿಂದ ಮಣ್ಣು ಕೆದಕುತ್ತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪು. ಮಣ್ಣಿನೊಳಗಿನಿಂದ ಉದ್ದನೆಯದೊಂದನ್ನು ಎಳೆದು ಚಿಪ್ಪಿನೊಳಗೆ ಹಾಕಿದರು. ಎರೆಹುಳ.

ಮೊದಲು ನನಗೆ ನಗು ಬಂತು. ಇಷ್ಟು ವರ್ಷ ಊರಿಗೆಲ್ಲ ವೇದಾಂತ ಹೇಳಿದ ಮಹಾನುಭಾವ, ಕಳ್ಳನ ಹಾಗೆ ಕೂತು ಲಂಚ ಅಗೆಯುತ್ತಿದ್ದಾರಲ್ಲ! ಕೂಗಿ ಕೀಟಲೆ ಮಾಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಣ್ಣಿನ ಕೈಗಳೆರಡನ್ನೂ ಹೊಳೆಯ ದಿಕ್ಕಿಗೆ ಜೋಡಿಸಿದರು.

“ತಾಯೀ, ತಪ್ಪು ನಂದೊಬ್ಬಂದೇಯ. ಏನ್ ಕೇಳೋದಿದ್ರೂ ನನ್ನ ಕೇಳು. ಮನೆ ಕಡಿಕ್ ನೋಡ್ಬ್ಯಾಡ ಕಣವ್ವಾ.”

ನಾನು ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡು ಒಳಗೆ ಬಂದೆ. ಅವರು ಮರಳಿ ಬರುವವರೆಗೆ ನಾನು ಬದುಕಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಉಕ್ಕಿದ ಹೊಳೆ, ಜಾರುವ ಮೆಟ್ಟಿಲು, ನನ್ನನ್ನೇ ಕೇಳು ಎಂದು ಹೇಳಿ ಹೋದ ಮುದುಕ. ಮೀನೂ ಬೇಡ, ಏನೂ ಬೇಡ, ಅವರು ಬಂದರೆ ಸಾಕು ಎಂದು ಕಂಬ ಹಿಡಿದು ಕೂತಿದ್ದೆ. ಅತ್ತೆ ಎರಡು ಸಲ ಏನಾಯ್ತು ಎಂದು ಕೇಳಿದರು. ಬೆನ್ನುನೋವು ಎಂದೆ.

“ಪುಕ್ಕಕ್ಕೆ ಬಿತ್ತು ಕಣಮ್ಮೀ! ಪುಕ್ಕಕ್ಕೆ!”

ಬೀದಿಯ ತುದಿಯಿಂದಲೇ ಕೂಗು ಕೇಳಿತು. ಮಾವನವರು ತಲೆಯಿಂದ ಕಾಲಿನವರೆಗೆ ನೆನೆದಿದ್ದರು. ಕೈಯಲ್ಲಿ ಮೊಣಕೈಗಿಂತ ಉದ್ದದ ಗೆಂಡೆ ಮೀನು ತೂಗಾಡುತ್ತಿತ್ತು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಆಗಷ್ಟೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ರಹಮತ್ ಸಾಬರು ಒಮ್ಮೆ ಮೀನು ನೋಡಿದರು, ಒಮ್ಮೆ ದೂರದ ಕೆಂಪು ಹೊಳೆ ನೋಡಿದರು, ಆಮೇಲೆ ಗೆಳೆಯನ ಮುಖ ನೋಡಿದರು. “ಹೌದು ಹೌದು, ಪುಕ್ಕಕ್ಕೇ ಬಿದ್ದಿದ್ದು. ನಾನೇ ಕಣ್ಣಾರೆ ನೋಡ್ದೆ” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಮತ್ತೆ ಬಾಗಿಲು ತೆಗೆಯಲು ತಿರುಗಿದರು.

ಅತ್ತೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಹಿತ್ತಲಲ್ಲಿ ಬೂದಿ ಸುರಿದುಕೊಂಡು, ಈಳಿಗೆಮಣೆ ಹಾಕಿಕೊಂಡು ಮೀನು ಶುದ್ಧ ಮಾಡಲು ಕೂತರು. ನಾನು ನೀರು ಹುಯ್ಯುತ್ತಿದ್ದೆ. ಹುರುಪೆ ತೆಗೆದು, ಮೀನಿನ ಬಾಯಿ ಅಗಲಿಸಿ ಬೆರಳು ಹಾಕಿದವರು ಕೈಯನ್ನು ಹಾಗೇ ನಿಲ್ಲಿಸಿದರು. ಬೆರಳ ತುದಿಯಲ್ಲಿ ಅರ್ಧ ಎರೆಹುಳ ಅಂಟಿಕೊಂಡಿತ್ತು. ನಾನು ಕಣ್ಣು ಬೇರೆ ಕಡೆಗೆ ತಿರುಗಿಸಿದೆ. ಅವರು ಈ ಮೀನನ್ನು ಎತ್ತಿ ಆಚೆ ಎಸೆಯುತ್ತಾರೆ ಎಂದುಕೊಂಡೆ. ಅತ್ತೆ ಆ ತುಂಡನ್ನು ಬೂದಿಯೊಳಗೆ ಹಾಕಿ, ಮೇಲೆ ಇನ್ನಷ್ಟು ಬೂದಿ ಎಳೆದರು.

“ಒಳ್ಳೆ ಪುಕ್ಕ ಕಟ್ಟವ್ರೆ ಕಣವ್ವಾ ನಿಮ್ಮಾವ” ಎಂದರು.

“ಹೂಂ ಅತ್ತೆ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ನಾನು ಹೆದರದೆ ಉಣ್ಣಲಿ ಎಂದು ಅವರು ಮುಚ್ಚಿಟ್ಟರು. ಅವರು ಹೆದರದೆ ಬೇಯಿಸಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ. ಮನೆಯ ಮುಂದೆ ಜಗಲಿಯ ಮೇಲೆ ಮಾವನವರು ಮಗನಿಗೆ, ಮೀನು ಪುಕ್ಕವನ್ನು ಹೇಗೆ ನುಂಗಿತು, ತಾನು ಹೇಗೆ ದಾರ ಬಿಟ್ಟೆ ಎಂದು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದರು. ಎಂಥ ಸುಳ್ಳುಗಾರರ ಸಂಸಾರಕ್ಕೆ ಬಂದು ಬಿದ್ದೆನಪ್ಪಾ ಎನಿಸಿತು.

ಅಣ್ಣ ಬರುವಷ್ಟರಲ್ಲಿ ಸಾರು ಕುದಿಯುತ್ತಿತ್ತು. ಹುರಿದ ಧನಿಯ, ತೆಂಗಿನಕಾಯಿ, ಹುಣಸೆಹುಳಿಯ ವಾಸನೆ ಬೀದಿಗೆ ಹೋಯಿತು. ಈ ಸಲ ಪಕ್ಕದ ಮನೆಯವರು ತಮ್ಮ ಕಿಟಕಿ ತೆಗೆದರು! ಅತ್ತೆ ಎಲ್ಲರಿಗೂ ಮುದ್ದೆ ಇಟ್ಟರು. ನನಗೆ ಬಡಿಸಿದರು, ಅಣ್ಣನಿಗೆ, ನಮ್ಮ ಯಜಮಾನರಿಗೆ ಬಡಿಸಿದರು. ಮಾವನವರ ತಟ್ಟೆಯ ಹತ್ತಿರ ಸೌಟು ಬಂದಾಗ ಅವರು ತಟ್ಟೆಗೆ ಕೈ ಅಡ್ಡ ಇಟ್ಟರು.

“ನಂಗೆ ಮಜ್ಜಿಗೆ ಬುಡು ಸಾಕು. ಯಾಕೋ ಅಲ್ಲು ನೋವು.”

“ಅಲ್ಲಾ ಮಾವ, ಇಷ್ಟ್ ವರ್ಸ ಆದ್ಮ್ಯಾಕೆ ಬಿದ್ದ ಮೀನು, ನೀವೇ ತಿನ್ನಾಕಿಲ್ಲ ಅಂದ್ರೆ ಎಂಗೆ?” ಎಂದ ಏನೂ ತಿಳಿಯದ ನನ್ನಣ್ಣ.

ಸೌಟು ಹಿಡಿದ ಅತ್ತೆ ಗಂಡನನ್ನು ಒಂದು ಗಳಿಗೆ ನೋಡಿದರು. ಎಷ್ಟು ವರ್ಷ ಕಿಟಕಿಯ ಪಕ್ಕ ಕೂತು ಉಂಡ ಹೆಂಗಸು! ಸೌಟನ್ನು ಮಡಕೆಯೊಳಗೆ ಇಳಿಸಿ, ತಮ್ಮ ತಟ್ಟೆಗೂ ಮಜ್ಜಿಗೆಯನ್ನೇ ಬಿಟ್ಟುಕೊಂಡರು.

“ನಂಗೂ ಒಸಿ ಅಲ್ಲು ನೋವೇಯ” ಎಂದರು.

ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ. ಎಷ್ಟು ತಿಂಗಳಿನಿಂದ ನಾಲಿಗೆ ಬೇಡಿದ ರುಚಿ ಅದು. ಎರಡನೆಯ ತುತ್ತಿಗೆ ಕೈ ಹಾಕದೆ ತಟ್ಟೆಯನ್ನೇ ನೋಡುತ್ತ ಕೂತೆ. ಮಾವನವರು ಅರ್ಧ ಊಟದಲ್ಲೇ ಎದ್ದು, ಕೈ ತೊಳೆದುಕೊಂಡು ಬಂದು, ನನ್ನ ಎದುರಿಗೆ ಕೂತರು. ನಮ್ಮ ಕಡೆ ಮಾವನಾದವನು ಸೊಸೆಯ ತಟ್ಟೆಯ ಹತ್ತಿರವೂ ಸುಳಿಯುವುದಿಲ್ಲ. ಅಣ್ಣ ಬೆರಗಾಗಿ ನೋಡುತ್ತಿದ್ದ. ಮಾವನವರು ಯಾರನ್ನೂ ಲೆಕ್ಕಕ್ಕಿಡದೆ ನನ್ನ ತಟ್ಟೆಯಿಂದ ಒಂದು ತುಂಡು ಎತ್ತಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಕೂದಲಿನಂಥ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.

“ಗೆಂಡೆಗೆ ಮುಳ್ಳು ಜಾಸ್ತಿ ಕಣವ್ವಾ. ನಿಮ್ ಕಡೆಯೋರ್ಗೆ ಅಭ್ಯಾಸ ಇರಾಕಿಲ್ಲ.”

ಮುಳ್ಳು ತೆಗೆದ ಬಿಳಿಯ ಮೀನನ್ನು ನನ್ನ ಮುದ್ದೆಯ ಪಕ್ಕಕ್ಕೆ ಸರಿಸಿದರು. ನನ್ನ ಕಣ್ಣಿಂದ ನೀರು ಇಳಿದು ತಟ್ಟೆಯೊಳಗೆ ಬಿತ್ತು.

“ಯಾಕವ್ವಾ, ಖಾರನಾ?”

“ಹೂಂ ಮಾವ, ಖಾರ.”

“ನಿಧಾನಕ್ ತಿನ್ನು, ಇನ್ನೂ ಅದೆ” ಎಂದು ಅವರು ಇನ್ನೊಂದು ತುಂಡಿನ ಮುಳ್ಳು ಬಿಡಿಸಲು ಎತ್ತಿಕೊಂಡರು.